ಮಣ್ಣು ಪರೀಕ್ಷೆ ಮಾಡಿಸ್ತೀರಿ, ಮನೆ ಪರೀಕ್ಷೆ ಯಾವಾಗ?

ಅಸ್ತಮಾ, ಅಲರ್ಜಿ ಕೆರಳಿಸೋದು ಮನೆಯೊಳಗೆ ಎಲ್ಲಿದೆ ಅಂತ ನಾವೇ ಹುಡುಕುವ ಏಳು ಪರೀಕ್ಷೆಗಳು

ದ್ರಾಕ್ಷಿ ಎಲೆ ಮೇಲೆ ಒಂದು ಎಣ್ಣೆ ಚುಕ್ಕೆ ಕಂಡರೆ ಸಾಕು, ನಾವು ಫೋಟೋ ತೆಗೆದು ನಾಲ್ಕು ವಾಟ್ಸಾಪ್ ಗ್ರೂಪಿಗೆ ಹಾಕ್ತೀವಿ. ಡೌನಿ ಇರಬಹುದಾ, ಯಾವ ಔಷಧಿ, ಎಷ್ಟು ಪ್ರಮಾಣ ಅಂತ ಸಂಜೆಯೊಳಗೆ ಉತ್ತರ ಸಿಗಬೇಕು. ಅದೇ ಮನೆಯಲ್ಲಿ ಹುಡುಗ ಎರಡು ತಿಂಗಳಿಂದ ರಾತ್ರಿ ಮೂರು ಗಂಟೆಗೆ ಎದ್ದು ಕೆಮ್ಮುತ್ತಿದ್ದರೆ "ಹವಾ ಬದಲಾಗೈತಿ, ಕಡಿಮಿ ಆಗ್ತೈತಿ ಬಿಡು" ಅಂತ ಸುಮ್ಮನಾಗ್ತೀವಿ. ಅವ್ವ ಒಲೆ ಮುಂದೆ ಕೂತು ಕೆಮ್ಮಿದರೆ ವಯಸ್ಸಿನ ಕೆಮ್ಮು ಅಂತೀವಿ.

ಜಾಗತಿಕ ರೋಗಭಾರ ಅಧ್ಯಯನದ 2019ರ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 3.4 ಕೋಟಿ ಜನರಿಗೆ ಅಸ್ತಮಾ ಇದೆ. ಜಗತ್ತಿನ ಅಸ್ತಮಾ ರೋಗಿಗಳಲ್ಲಿ ನಮ್ಮ ಪಾಲು ನೂರಕ್ಕೆ 13ರಷ್ಟು, ಅಸ್ತಮಾದಿಂದ ಆಗುವ ಸಾವಿನಲ್ಲಿ ಮಾತ್ರ ನೂರಕ್ಕೆ 40ಕ್ಕಿಂತ ಹೆಚ್ಚು. ಔಷಧಿ ಇಲ್ಲದ ರೋಗವೇನಲ್ಲ ಇದು. ತಡವಾಗಿ ಗುರುತಿಸೋದು, ಇನ್‌ಹೇಲರ್‌ಗೆ ಹೆದರೋದು, ಕೆರಳಿಸುವ ವಸ್ತುವನ್ನು ಮನೆಯಲ್ಲೇ ಇಟ್ಟುಕೊಂಡು ಬರೀ ಸಿರಪ್ ಕುಡಿಸೋದು, ಇವೇ ನಮ್ಮ ದೊಡ್ಡ ತೊಂದರೆ.

ನಮ್ಮ ರಾಜ್ಯದ್ದೇ ಒಂದು ಲೆಕ್ಕ ಕೇಳಿ. ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನ ಮಕ್ಕಳನ್ನು ಇಪ್ಪತ್ತು ವರ್ಷ ಪರೀಕ್ಷಿಸುತ್ತಾ ಬಂದರು. 1979ರಲ್ಲಿ ನೂರಕ್ಕೆ 9 ಮಕ್ಕಳಲ್ಲಿ ಇದ್ದ ಅಸ್ತಮಾ 1999ಕ್ಕೆ 29.5ಕ್ಕೆ ಏರಿತ್ತು. ಅದು ಬೆಂಗಳೂರು, ನಮಗೇನು ಅನ್ನಬೇಡಿ. ನಮ್ಮ ಊರಿನ ಗಾಳಿಯಲ್ಲಿ ಬೇರೆ ಬೇರೆ ವಸ್ತುಗಳಿವೆ, ಅಷ್ಟೇ.

ನಾನು ಓದಿದ್ದು ತೋಟಗಾರಿಕೆ, ಡಾಕ್ಟರಿಕೆ ಅಲ್ಲ. ಔಷಧಿ ಹೇಳೋಕೆ ಹೋಗಲ್ಲ. ಆದರೆ ಕೀಟ ಎಲ್ಲಿ ಅಡಗಿದೆ, ಎಷ್ಟಿದೆ, ಯಾವಾಗ ಹೆಚ್ಚಾಗುತ್ತೆ ಅಂತ ಹುಡುಕುವ ಕೆಲಸ ನಮಗೆ ಗೊತ್ತು. ಸಮಗ್ರ ಕೀಟ ನಿರ್ವಹಣೆಯಲ್ಲಿ ಮೊದಲು ಟ್ರ್ಯಾಪ್ ಕಟ್ಟಿ ಎಣಿಸ್ತೀವಿ, ಆಮೇಲೆ ತಾನೇ ಸಿಂಪಡಣೆ? ಮನೆಗೂ ಅದೇ ಕ್ರಮ ಹಿಡಿಯೋಣ.

ಮೊದಲು ಎರಡು ಮಾತು ತಿಳ್ಕೊಳ್ಳಿ

ಅಸ್ತಮಾ ಇರುವವರ ಶ್ವಾಸನಾಳದ ಒಳಪದರ ಸದಾ ಸ್ವಲ್ಪ ಊದಿಕೊಂಡಿರುತ್ತೆ. ಏನಾದರೂ ಕೆರಳಿಸಿದರೆ ನಾಳ ಬಿಗಿಯಾಗಿ, ಕಫ ಕೂಡಿ, ಎದೆಯಲ್ಲಿ ಸುಂಯ್ ಅನ್ನುವ ಸದ್ದು ಬರುತ್ತೆ. ಹಿರಿಯರು ದಮ್ಮು ಅನ್ನೋದು ಇದನ್ನೇ.

ಕೆರಳಿಸುವ ವಸ್ತುಗಳಲ್ಲಿ ಎರಡು ಜಾತಿ. ಒಂದು ಅಲರ್ಜಿಕಾರಕ: ಧೂಳುನುಸಿಯ ಹಿಕ್ಕೆ, ಜಿರಳೆಯ ಪುಡಿ, ಬೂಸರಿನ ಬೀಜಕಣ, ಪರಾಗ, ಬೆಕ್ಕು ನಾಯಿಯ ಹೊಟ್ಟು. ಇವು ಎಲ್ಲರಿಗೂ ತೊಂದರೆ ಕೊಡಲ್ಲ, ಯಾರ ದೇಹ ಅದನ್ನು ಶತ್ರು ಅಂತ ಗುರುತಿಸಿದೆಯೋ ಅವರಿಗೆ ಮಾತ್ರ. ಇನ್ನೊಂದು ಹೊಗೆ, ಗ್ಯಾಸು, ಖಾರದ ಘಾಟು, ಗಂಧಕದಂಥವು. ಇವು ಅಲರ್ಜಿ ಇರಲಿ ಬಿಡಲಿ, ನೇರವಾಗಿ ಶ್ವಾಸನಾಳವನ್ನು ಉರಿಸ್ತವೆ. ಆಸ್ಪತ್ರೆಯ ಅಲರ್ಜಿ ಪರೀಕ್ಷೆಯಲ್ಲಿ ಮೊದಲನೇ ಜಾತಿ ಮಾತ್ರ ಸಿಗುತ್ತೆ. ಹೊಗೆಯನ್ನು ಹುಡುಕಬೇಕಾದವರು ನಾವೇ.

ಎರಡು ಮನೆ, ಒಂದೇ ಪರೀಕ್ಷೆ

ಈ ಪರೀಕ್ಷೆಗಳನ್ನು ನಾನು ಎರಡು ಮನೆಯಲ್ಲಿ ಮಾಡಿದೆ. ಒಂದು ವಿಜಯಪುರದ ಸ್ಟೇಷನ್ ರಸ್ತೆಯ ಪಕ್ಕದ ಓಣಿಯಲ್ಲಿರುವ ಅಕ್ಕನ ಬಾಡಿಗೆ ಮನೆ. ಅವಳ ಮಗನಿಗೆ ಎಂಟು ವರ್ಷ, ಮೂರನೇ ತರಗತಿ. ಉಬ್ಬಸದ ಕಾರಣಕ್ಕೆ ತಿಂಗಳಲ್ಲಿ ನಾಲ್ಕೈದು ದಿನ ಶಾಲೆ ತಪ್ಪುತ್ತಿತ್ತು. "ತಮ್ಮಾ, ಊರ ಹವಾನ ಬ್ಯಾಡ, ಇವನ್ನ ತೋಟದ ಮನಿಗೇ ಕಳಿಸಿ ಅಲ್ಲೇ ಸಾಲಿಗೆ ಹಾಕೂಣು ಅಂತೀನಿ" ಅಂತ ಅಕ್ಕ ಹೇಳಿದಳು. ಮಾಮಾ ಒಪ್ಪಿರಲಿಲ್ಲ. ಮನೆಯಲ್ಲಿ ಇದೇ ಮಾತು ಜಗಳದ ಹಂತಕ್ಕೆ ಹೋಗಿತ್ತು.

ಇನ್ನೊಂದು ತಿಕೋಟಾ ಕಡೆಯ ನಮ್ಮ ತೋಟದ ಮನೆ. ಅಲ್ಲಿ ಅವ್ವ ವರ್ಷದಲ್ಲಿ ಅರ್ಧ ದಿನ ಕೆಮ್ಮುತ್ತಾಳೆ. ಅಂದ್ರೆ ಹುಡುಗನನ್ನು ಕಳಿಸಬೇಕೆಂದಿದ್ದ ಮನೆಯ ಗಾಳಿ ಹೇಗಿದೆ ಅಂತ ಯಾರೂ ನೋಡಿರಲಿಲ್ಲ. ಹಳ್ಳಿ ಅಂದ ಕೂಡಲೇ ಶುದ್ಧ ಗಾಳಿ ಅಂದುಕೊಳ್ತೀವಲ್ಲ, ಅದನ್ನೂ ಅಳೆದೇ ನೋಡೋಣ ಅಂತ ಶುರು ಮಾಡಿದ್ವಿ.

ಪರೀಕ್ಷೆ 1: ಡೈರಿ ಮತ್ತು ಪೀಕ್ ಫ್ಲೋ ಮೀಟರ್

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಪೀಕ್ ಫ್ಲೋ ಮೀಟರ್ ಅಂದರೆ ಜೋರಾಗಿ ಊದುವ ಒಂದು ಪ್ಲಾಸ್ಟಿಕ್ ಕೊಳವೆ. ಔಷಧಿ ಅಂಗಡಿಯಲ್ಲೂ ಆನ್‌ಲೈನ್‌ನಲ್ಲೂ ಸಿಗುತ್ತೆ, ಕೆಲವು ನೂರು ರೂಪಾಯಿ. ಬ್ಯಾಟರಿ ಬೇಡ. ಐದಾರು ವರ್ಷ ದಾಟಿದ ಮಕ್ಕಳೂ ಊದಬಹುದು.

ನಿಂತುಕೊಂಡು, ಪೂರ್ತಿ ಉಸಿರು ಎಳೆದು, ಒಂದೇ ಸಲ ಜೋರಾಗಿ ಊದಬೇಕು. ಮೂರು ಸಲ ಊದಿ, ಹೆಚ್ಚಿನ ಅಂಕಿಯನ್ನು ಬರೆದುಕೊಳ್ಳಿ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಆರೋಗ್ಯ ಚೆನ್ನಾಗಿರುವ ಎರಡು ವಾರದಲ್ಲಿ ಬಂದ ಅತಿ ಹೆಚ್ಚಿನ ಅಂಕಿ ಆ ವ್ಯಕ್ತಿಯ ಸ್ವಂತ ಗುರಿ. ಅದರ ನೂರಕ್ಕೆ 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ಕೆಂಪಿಗೆ ಬಂದರೆ ಡೈರಿ ಬರೆಯುತ್ತಾ ಕೂಡಬೇಡಿ, ಆಸ್ಪತ್ರೆಗೆ ಹೊರಡಿ.

ಪಕ್ಕದಲ್ಲಿ ನಾಲ್ಕು ಕಾಲಂ: ರಾತ್ರಿ ಎಷ್ಟು ಸಲ ಎಚ್ಚರ, ಕೆಮ್ಮು ಎಷ್ಟು, ಎಲ್ಲಿ ಮಲಗಿದ್ದು, ಆ ದಿನ ಮನೆಯಲ್ಲಿ ಏನು ವಿಶೇಷ (ಕಾಯಿಲ್ ಹಚ್ಚಿದ್ದು, ಒಗ್ಗರಣೆ ಘಾಟು, ಧೂಳು ಹೊಡೆದಿದ್ದು, ಸುಣ್ಣ ಬಣ್ಣ, ನೆಂಟರ ಬೆಕ್ಕು). ಫೋನಿನ ನೋಟ್ಸ್‌ನಲ್ಲಿ ಬರೆದರೂ ಸಾಕು. ಹುಡುಗನ ಡೈರಿಯನ್ನು ಮೂರು ವಾರ ಅವನೇ ತುಂಬಿದ. ಅಂಕಿ ಬರೆಯೋದು ಮಕ್ಕಳಿಗೆ ಆಟದ ಹಾಗೆ ಆಗುತ್ತೆ. ಅವನ ಪಟ್ಟಿಯಲ್ಲಿ ಸಂಜೆಯ ಅಂಕಿ ಚೆನ್ನಾಗಿತ್ತು, ಬೆಳಗಿನದು ಬಿದ್ದಿತ್ತು. ಅಸ್ತಮಾ ಸಾಮಾನ್ಯವಾಗಿಯೇ ನಸುಕಿನಲ್ಲಿ ಹೆಚ್ಚು, ನಿಜ. ಆದರೆ ರವಿವಾರ ತೋಟದ ಮನೆಯ ಪಡಸಾಲೆಯಲ್ಲಿ ಮಲಗಿದ ಮರುದಿನ ಬೆಳಗಿನ ಅಂಕಿ ಅಷ್ಟು ಬೀಳುತ್ತಿರಲಿಲ್ಲ. ಹಾಗಾಗಿ ಮೊದಲು ಹುಡುಕಬೇಕಾದ್ದು ಅವನು ಮಲಗುವ ಕೋಣೆಯನ್ನೇ.

ಪರೀಕ್ಷೆ 2: ಕೋಣೆಯ ತೇವ

ಧೂಳುನುಸಿ ಕಣ್ಣಿಗೆ ಕಾಣಲ್ಲ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿನ್ನುತ್ತೆ. ನೀರು ಕುಡಿಯಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತೆ. ಆರ್ದ್ರತೆ ನೂರಕ್ಕೆ 70-80 ಇದ್ದರೆ ಹಬ್ಬ. 50ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಒಣಗಿ ಸಾಯುತ್ತೆ.

ವಿಜಯಪುರ ಒಣ ಪ್ರದೇಶ, ನಮಗೆ ನುಸಿ ಎಲ್ಲಿಂದ ಅಂತ ನನಗೂ ಜನ ಕೇಳ್ತಾರೆ. ಉತ್ತರ ಏರ್ ಕೂಲರ್‌ನಲ್ಲಿದೆ. ಮಾರ್ಚ್‌ನಿಂದ ಜೂನ್ ತನಕ ಕಿಟಕಿ ಮುಚ್ಚಿ, ಬಾಗಿಲು ಹಾಕಿ, ರಾತ್ರಿಯಿಡೀ ಕೂಲರ್ ಓಡಿಸ್ತೀವಿ. ಕೂಲರ್ ಅಂದರೆ ಗಾಳಿಗೆ ನೀರು ಸೇರಿಸುವ ಯಂತ್ರ. ಬೇಸಿಗೆ ಮುಗಿಯೋದರೊಳಗೆ ಮಳೆಗಾಲ. ಅಲ್ಲಿಗೆ ಗಾದಿಗೆ ವರ್ಷದಲ್ಲಿ ಏಳೆಂಟು ತಿಂಗಳು ತೇವ ಸಿಕ್ಕಂತಾಯ್ತು.

ಡಿಜಿಟಲ್ ಹೈಗ್ರೋಮೀಟರ್ ಮೂರು ನಾಲ್ಕು ನೂರಕ್ಕೆ ಸಿಗುತ್ತೆ. ಪಾಲಿಹೌಸ್ ಇದ್ದವರ ಹತ್ತಿರ ಇದ್ದೇ ಇರುತ್ತೆ. ಮೊದಲು ಅದು ಸರಿಯಿದೆಯಾ ನೋಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಹಸಿ ಮರಳಿನ ಹಾಗೆ ಆಗುವಷ್ಟು ಕೆಲವು ಹನಿ ನೀರು ಬಿಡಿ. ಅದನ್ನೂ ಮೀಟರನ್ನೂ ಒಂದೇ ಗಾಳಿಯಾಡದ ಡಬ್ಬಿಯಲ್ಲಿ ಹತ್ತು ತಾಸು ಮುಚ್ಚಿಡಿ. ಒದ್ದೆ ಉಪ್ಪಿನ ಮೇಲಿನ ಗಾಳಿ ಸುಮಾರು 75 ತೋರಿಸಲೇಬೇಕು. 70 ತೋರಿಸಿದರೆ ಮುಂದೆ ಪ್ರತಿ ಸಲ 5 ಕೂಡಿಸಿಕೊಳ್ಳಿ.

ಆಮೇಲೆ ಹಾಸಿಗೆಯ ಎತ್ತರದಲ್ಲಿ ಇಟ್ಟು, ಮಲಗುವ ಮುನ್ನ ಮತ್ತು ಎದ್ದ ಕೂಡಲೇ ನೋಡಿ. ಅಕ್ಕನ ಮನೆಯಲ್ಲಿ ಕೂಲರ್ ಇಲ್ಲದ ಮಧ್ಯಾಹ್ನ 40ರ ಆಸುಪಾಸು ಇತ್ತು, ಕೂಲರ್ ಓಡಿದ ನಸುಕಿಗೆ 80ರ ಹತ್ತಿರ. ಹೊರಗೆ ಉರಿಬಿಸಿಲಿನ ಮೇ ತಿಂಗಳು, ಒಳಗೆ ನುಸಿಗೆ ಬೇಕಾದ ಮಳೆಗಾಲ.

ಕೂಲರ್ ಬಿಡಿ ಅಂತ ವಿಜಯಪುರದವರಿಗೆ ಹೇಳೋಕೆ ಆಗಲ್ಲ. ಎದುರಿನ ಕಿಟಕಿ ಅರ್ಧ ತೆರೆದಿಡಿ, ಗಾಳಿ ಹಾದು ಹೋಗಲಿ. ಮಧ್ಯರಾತ್ರಿಯ ನಂತರ ಪಂಪ್ ನಿಲ್ಲಿಸಿ ಬರೀ ಫ್ಯಾನ್ ಓಡಿಸಿ. ಹುಲ್ಲಿನ ಪ್ಯಾಡ್ ವರ್ಷಕ್ಕೊಮ್ಮೆ ಬದಲಿಸಿ, ನೀರನ್ನು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ತೊಟ್ಟಿ ತಿಕ್ಕಿ. ಕೂಲರ್ ಹಚ್ಚಿದಾಗ ಹಳೇ ಬೂಸರಿನ ವಾಸನೆ ಬಂದರೆ ಆ ಪ್ಯಾಡಿಗೆ ಅಂದೇ ಕೊನೆ.

ಪರೀಕ್ಷೆ 3: ಗೋಡೆಗೆ ಪ್ಲಾಸ್ಟಿಕ್ ಹಾಳೆ

ಗೋಡೆಯ ಬಣ್ಣ ಉಬ್ಬಿದೆ, ಮೂಲೆಯಲ್ಲಿ ಕಪ್ಪು ಚುಕ್ಕೆ ಇದೆ ಅಂದರೆ ಅದು ಬೂಸರು. ಕಣ್ಣಿಗೆ ಕಂಡ ಬೂಸರಿಗೆ ಲ್ಯಾಬ್ ಪರೀಕ್ಷೆ ಬೇಡ. ಯಾವ ಜಾತಿ ಅನ್ನೋದಕ್ಕಿಂತ ನೀರು ಎಲ್ಲಿಂದ ಬರ್ತಿದೆ ಅನ್ನೋದು ಮುಖ್ಯ.

ನರ್ಸರಿಗೆ ತಂದ ಪಾರದರ್ಶಕ ಪಾಲಿಥೀನ್ ತುಂಡು ಒಂದೂವರೆ ಅಡಿ ಚೌಕ ಕತ್ತರಿಸಿ, ಅನುಮಾನ ಇರುವ ಗೋಡೆಗೆ ನಾಲ್ಕೂ ಅಂಚು ಟೇಪ್ ಹಚ್ಚಿ ಒಂದು ದಿನ ಬಿಡಿ. ಹಾಳೆಯ ಗೋಡೆ ಕಡೆ ಹನಿ ಕೂಡಿದ್ದರೆ ನೀರು ಗೋಡೆಯೊಳಗಿಂದ ಬರ್ತಿದೆ: ಬಚ್ಚಲಿನ ಪೈಪು, ಬುನಾದಿ, ಮಾಳಿಗೆಯ ಸೋರಿಕೆ ನೋಡಿ. ಹಾಳೆಯ ಮೇಲ್ಮೈ ಒದ್ದೆಯಾಗಿದ್ದರೆ ಕೋಣೆಯ ಗಾಳಿಯಲ್ಲೇ ತೇವ ಹೆಚ್ಚು: ಗಾಳಿ ಆಡಿಸಿ.

ಬೂಸರನ್ನು ಒಣ ಬಟ್ಟೆಯಲ್ಲಿ ಕೊಡವಬೇಡಿ, ಬೀಜಕಣ ಇಡೀ ಮನೆಗೆ ಹರಡುತ್ತೆ. ಮಾಸ್ಕ್ ಹಾಕಿ, ಸಾಬೂನು ನೀರಲ್ಲಿ ತಿಕ್ಕಿ, ಪೂರ್ತಿ ಒಣಗಿಸಿ. ಬ್ಲೀಚಿಂಗ್ ದ್ರಾವಣವನ್ನು ಟಾಯ್ಲೆಟ್ ಆ್ಯಸಿಡ್ ಜೊತೆ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತೆ, ಅಸ್ತಮಾ ಇಲ್ಲದವರಿಗೂ ಅದು ಅಪಾಯ.

ಪರೀಕ್ಷೆ 4: ಗಾದಿ, ಕೌದಿ, ದಿಂಬು

ವಿದೇಶಗಳಲ್ಲಿ ಗಾದಿಯ ಧೂಳನ್ನು ಲ್ಯಾಬಿಗೆ ಕಳಿಸಿ ಅಳೆಸ್ತಾರೆ. ಒಂದು ಗ್ರಾಂ ಧೂಳಿನಲ್ಲಿ ನುಸಿಯ ಪ್ರೋಟೀನ್ 2 ಮೈಕ್ರೋಗ್ರಾಂ ದಾಟಿದರೆ ಅಲರ್ಜಿ ಬೆಳೆಯುವ ಸಂಭವ, 10 ದಾಟಿದರೆ ಉಬ್ಬಸ ಕೆರಳುವ ಸಂಭವ ಅನ್ನೋದು ಬಹಳ ಕಾಲದಿಂದ ಬಳಕೆಯಲ್ಲಿರುವ ಮಟ್ಟ. ನಮಗೆ ಅಷ್ಟು ದೂರ ಹೋಗೋ ಅಗತ್ಯ ಇಲ್ಲ. ಹೀಗೆ ಮಾಡಿ: ರಾತ್ರಿ ಲೈಟ್ ಆರಿಸಿ, ಫೋನಿನ ಟಾರ್ಚ್ ಅಡ್ಡ ಹಿಡಿದು, ದಿಂಬಿಗೆ ಒಂದು ಏಟು ಹೊಡೆಯಿರಿ (ರೋಗಿ ಕೋಣೆಯಿಂದ ಹೊರಗಿರಲಿ). ಬೆಳಕಿನಲ್ಲಿ ಏಳುವ ಧೂಳು ನೋಡಿದರೆ ಮುಂದೇನು ಮಾಡಬೇಕು ಅಂತ ಯಾರೂ ಹೇಳಬೇಕಿಲ್ಲ.

ನಮ್ಮ ಕೌದಿಗಳನ್ನು ನೋಡ್ರಿ. ಅಜ್ಜಿಯ ಸೀರೆಯ ಪದರ ಪದರ ಸೇರಿಸಿ ಹೊಲಿದದ್ದು, ಬೆಚ್ಚಗೆ, ಪ್ರೀತಿಯ ವಸ್ತು. ಒಗೆಯೋದು ಮಾತ್ರ ವರ್ಷಕ್ಕೊಮ್ಮೆ, ಅದೂ ದಸರೆಗೆ. ಕೌದಿ ಬಿಸಾಡಬೇಕಿಲ್ಲ. ಬಿಸಿಲು ನಮ್ಮಲ್ಲಿ ಪುಕ್ಕಟೆ. ಹೊದಿಕೆ, ಗಾದಿ, ದಿಂಬನ್ನು ವಾರಕ್ಕೊಮ್ಮೆ ಮಾಳಿಗೆ ಮೇಲೆ ಮೂರು ನಾಲ್ಕು ತಾಸು ನೇರ ಬಿಸಿಲಿಗೆ ಹಾಕಿ, ತಿರುವಿ ಹಾಕಿ, ಹೊರಗೇ ಬಡಿದು ತನ್ನಿ. ಬಿಸಿಲಿಗೆ ನುಸಿ ಸಾಯುತ್ತೆ. ಆದರೆ ಅದರ ಹಿಕ್ಕೆ ಉಳಿಯುತ್ತೆ, ಅದು ಒಗೆದರೇ ಹೋಗೋದು. ಹಾಗಾಗಿ ಹಾಸು, ದಿಂಬಿನ ಚೀಲ, ಹೊದಿಕೆಯನ್ನು 55-60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು. ಕುದಿಯುವ ನೀರಿಗೆ ಅಷ್ಟೇ ತಣ್ಣೀರು ಬೆರೆಸಿದರೆ ಹೆಚ್ಚುಕಡಿಮೆ ಆ ಮಟ್ಟಕ್ಕೆ ಬರುತ್ತೆ.

ಅಕ್ಕನ ಮನೆಯಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹುಡುಗನ ಮಂಚದ ಕೆಳಗೆ ಎರಡು ಚೀಲ ಜೋಳ, ಒಂದು ಚೀಲ ತೊಗರಿಬೇಳೆ. ತೋಟದಿಂದ ನಾವೇ ಕಳಿಸಿದ್ದು. ನಗರದಲ್ಲಿ ಬಾಡಿಗೆ ಮನೆ ಮಾಡಿದ ನಮ್ಮ ಕಡೆಯ ಅರ್ಧ ಜನರ ಮಂಚದ ಕೆಳಗೆ ಊರಿನ ಕಾಳಿನ ಚೀಲ ಇರ್ತವೆ. ಕಾಳಿನಲ್ಲಿ ಬೇರೆಯದೇ ಜಾತಿಯ ನುಸಿ ಇರುತ್ತೆ, ಜೊತೆಗೆ ಮುಗ್ಗಿದ ಕಾಳಿನ ಬೂಸರು, ಹುಳದ ಪುಡಿ. ಎಂಟು ತಾಸು ಮಗು ಅದರ ಮೇಲೆ ಮಲಗಿ ಉಸಿರಾಡ್ತಾ ಇತ್ತು. ಚೀಲಗಳು ಅಂದೇ ಮುಚ್ಚಳದ ಡ್ರಮ್ಮಿಗೆ ಹೋದವು, ಡ್ರಮ್ಮು ಅಡುಗೆಮನೆಗೆ.

ಪರೀಕ್ಷೆ 5: ಜಿರಳೆ ಎಣಿಕೆ

ಹಳದಿ ಅಂಟು ಹಾಳೆ ತೋಟದಲ್ಲಿ ಕಟ್ಟೋದು ಗೊತ್ತಲ್ಲ, ಅದೇ ತತ್ವ. ಜಿರಳೆಗೆ ಅಂತಲೇ ಅಂಟಿನ ಹಾಳೆ ಅಂಗಡಿಯಲ್ಲಿ ಸಿಗುತ್ತೆ. ಸಿಂಕಿನ ಕೆಳಗೆ, ಫ್ರಿಜ್ ಹಿಂದೆ, ಗ್ಯಾಸ್ ಸಿಲಿಂಡರ್ ಪಕ್ಕ, ಮಲಗುವ ಕೋಣೆಯ ಮೂಲೆಯಲ್ಲಿ ಒಂದೊಂದು ಇಟ್ಟು ಮೂರು ರಾತ್ರಿ ಬಿಡಿ. ಎಲ್ಲಿ ಹೆಚ್ಚು ಬಿದ್ದಿದೆಯೋ ಅಲ್ಲಿ ಗೂಡು. ಮರಿಗಳು ಬಿದ್ದಿದ್ದರೆ ಗೂಡು ಬಹಳ ಹತ್ತಿರ ಅಂತ ಅರ್ಥ.

ಸ್ಪ್ರೇ ಹೊಡೆಯಬೇಡಿ. ಅಸ್ತಮಾ ಇರುವ ಮನೆಯಲ್ಲಿ ಸ್ಪ್ರೇಯೇ ಒಂದು ಟ್ರಿಗರ್. ಜೆಲ್ ಬೈಟ್ ಚುಕ್ಕಿ ಇಡಿ, ಅಥವಾ ಬೋರಿಕ್ ಪುಡಿ ಸಕ್ಕರೆ ಕಲಸಿ ಮಕ್ಕಳ ಕೈಗೆ ಸಿಗದ ಸಂದಿನಲ್ಲಿ ಇಡಿ. ರಾತ್ರಿ ಮುಸುರೆ ಪಾತ್ರೆ ಉಳಿಸಬೇಡಿ, ಸೋರುವ ನಲ್ಲಿ ರಿಪೇರಿ ಮಾಡಿಸಿ. ಸತ್ತ ಜಿರಳೆಯ ಪುಡಿಯಲ್ಲೂ ಅಲರ್ಜಿಕಾರಕ ಇರುವುದರಿಂದ ಆ ಜಾಗಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಪರೀಕ್ಷೆ 6: ಹೊಗೆಯ ಲೆಕ್ಕ

ಇದಕ್ಕೆ ಉಪಕರಣ ಬೇಡ, ಗುಣಾಕಾರ ಬಂದರೆ ಸಾಕು. ಮೈಸೂರಿನ ಜೆಎಸ್ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಹಳ್ಳಿ ಹೆಣ್ಣುಮಕ್ಕಳ ಮೇಲೆ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ದಿನಕ್ಕೆ ಒಲೆ ಮುಂದೆ ಕಳೆಯುವ ತಾಸು ಗುಣಿಸು ಒಲೆ ಹಚ್ಚಿದ ವರ್ಷ. ಈ ಸೂಚ್ಯಂಕ 60 ಮುಟ್ಟಿದರೆ ದೀರ್ಘಕಾಲದ ಶ್ವಾಸನಾಳದ ಉರಿಯೂತದ ಅಪಾಯ ಗಣನೀಯವಾಗಿ ಏರುತ್ತೆ ಅಂತ ಅವರು ಕಂಡರು.

ನಮ್ಮ ಅವ್ವನ ಲೆಕ್ಕ ಹಾಕಿದೆ. ಮದುವೆಯಾಗಿ ಬಂದಾಗಿನಿಂದ 36 ವರ್ಷ, ದಿನಕ್ಕೆ ನಾಲ್ಕು ತಾಸು: 144. ಈಗಲೇ ನಿಮ್ಮ ಅವ್ವನ, ದೊಡ್ಡವ್ವನ ಲೆಕ್ಕ ಹಾಕಿ ನೋಡಿ. ಉಜ್ವಲಾ ಯೋಜನೆ 2016ರಲ್ಲಿ ಬಂತು, ಸಿಲಿಂಡರ್ ಬಹಳ ಮನೆಯಲ್ಲಿದೆ. ಆದರೆ ಚಹಾ, ಸಾರು ಗ್ಯಾಸಿನ ಮೇಲೆ, ರೊಟ್ಟಿ ಮಾತ್ರ ಒಲೆ ಮೇಲೆ. "ಗ್ಯಾಸಿನ ಮ್ಯಾಲ ರೊಟ್ಟಿ ಉಬ್ಬಂಗಿಲ್ಲೋ" ಅನ್ನುವ ಮಾತಿಗೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಅವ್ವನ ಜೊತೆ ವಾದ ಮಾಡದೆ ಒಲೆಯನ್ನೇ ಹಿತ್ತಲಿನ ತಗಡಿನ ಚಪ್ಪರಕ್ಕೆ ಸ್ಥಳಾಂತರಿಸಿದ್ವಿ, ಮೂರು ಕಡೆ ತೆರೆದಿದೆ. ಹಸಿ ಕಟ್ಟಿಗೆ, ಕುಳ್ಳು ನಿಲ್ಲಿಸಿ ಒಣ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ ಮಾತ್ರ. ದನ ಇದ್ದವರು ಗೋಬರ್ ಗ್ಯಾಸ್ ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇನ್ನು ಸೊಳ್ಳೆ ಕಾಯಿಲ್. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಕಾಯಿಲ್ ಉರಿದಾಗ ಹೊರಬಂದ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟಿಗೆ ಸಮ ಇದ್ದವು. ಬಾಗಿಲು ಹಾಕಿದ ಕೋಣೆಯಲ್ಲಿ ಮಗುವಿನ ತಲೆಹತ್ತಿರ ಅದನ್ನು ಹಚ್ಚಿಡ್ತೀವಿ. ಸೊಳ್ಳೆ ಪರದೆ ಮತ್ತು ಕಿಟಕಿಗೆ ಜಾಳಿಗೆ ಇದಕ್ಕೆ ಪರಿಹಾರ. ಊದಿನಕಡ್ಡಿ, ಲೋಬಾನವನ್ನು ದೇವರ ಕೋಣೆಯ ಕಿಟಕಿ ತೆರೆದು ಹಚ್ಚಿ, ಇಲ್ಲವೇ ದೀಪ ಹಚ್ಚಿದರೂ ಪೂಜೆ ಆಗುತ್ತೆ.

ಹೊರಗಿನ ಗಾಳಿ ನೋಡಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್ ಇದೆ. ವಿಜಯಪುರದ ಇಬ್ರಾಹಿಂಪುರ ಕೇಂದ್ರದ ಅಂಕಿ ಅದರಲ್ಲಿ ಸಿಗುತ್ತೆ. ಒಳಗಿನದಕ್ಕೆ ಪಿಎಂ 2.5 ಮೀಟರ್ ಬೇಕು. ಕೆಲವು ಸಾವಿರ ಆಗುತ್ತೆ, ನಾಲ್ಕೈದು ಗೆಳೆಯರು ಸೇರಿ ಒಂದು ತಗೊಂಡರೆ ಸಾಕು. 24 ತಾಸಿನ ಸರಾಸರಿಗೆ ಭಾರತದ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ 15. ಒಗ್ಗರಣೆ ಹೊತ್ತಿನಲ್ಲಿ ಅಂಕಿ ಎಷ್ಟು ಏರುತ್ತೆ, ಇಳಿಯಲು ಎಷ್ಟು ಹೊತ್ತು ಬೇಕು ಅಂತ ನೋಡಿ. ಅರ್ಧ ತಾಸಾದರೂ ಇಳಿಯದಿದ್ದರೆ ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಬೇಕೇ ಬೇಕು.

ಪರೀಕ್ಷೆ 7: ಹೊಲದಿಂದ ಮನೆಗೆ ಏನು ಬರ್ತಿದೆ?

ಪೇಟೆಯ ಲೇಖನಗಳಲ್ಲಿ ಇದು ಇರಲ್ಲ. ನಮಗೆ ಮಾತ್ರ ಬೇಕಾದ ಪರೀಕ್ಷೆ. ಮನೆಯಿಂದ ನೂರು ಹೆಜ್ಜೆ ಸುತ್ತಳತೆಯಲ್ಲಿ ಒಂದು ಸುತ್ತು ಹಾಕಿ, ಪಟ್ಟಿ ಮಾಡಿ.

ಗಂಧಕ: ತಿಕೋಟಾ, ಬಬಲೇಶ್ವರ ಭಾಗದಲ್ಲಿ ಫೆಬ್ರುವರಿಯಿಂದ ಏಪ್ರಿಲ್ ತನಕ ಒಣದ್ರಾಕ್ಷಿ ಶೆಡ್‌ಗಳ ಕಾಲ. ಬಂಗಾರದ ಬಣ್ಣ ಬರಲಿ ಅಂತ ಗಂಧಕ ಸುಟ್ಟು ಹೊಗೆ ಕೊಡ್ತಾರೆ. ಅದು ಸಲ್ಫರ್ ಡೈಆಕ್ಸೈಡ್. ಅಸ್ತಮಾ ಇರುವವರ ಶ್ವಾಸನಾಳ ಇದಕ್ಕೆ ಕೆಲವೇ ನಿಮಿಷದಲ್ಲಿ ಬಿಗಿಯಾಗುತ್ತೆ. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ 10 ನಿಮಿಷದ ಮಿತಿಯನ್ನೇ ಹಾಕಿದೆ: ಘನ ಮೀಟರಿಗೆ 500 ಮೈಕ್ರೋಗ್ರಾಂ. ನಿಮ್ಮ ಮೂಗಿಗೆ ಘಾಟು ಬರುವ ಮೊದಲೇ ಅಸ್ತಮಾ ರೋಗಿಗೆ ಎದೆ ಹಿಡಿಯಬಹುದು. ಶೆಡ್ ಮನೆಯ ಯಾವ ದಿಕ್ಕಿಗಿದೆ, ಸಂಜೆ ಗಾಳಿ ಎತ್ತ ಬೀಸುತ್ತೆ ಅಂತ ಒಂದು ರಿಬ್ಬನ್ ಕಟ್ಟಿ ನೋಡಿ. ನಾನು ಗಂಧಕದ ಹೊಗೆ ಕೊಡಲ್ಲ, ನಮ್ಮ ಮಣೂಕ ಕಂದು ಬಣ್ಣದ್ದು. ಆದರೆ ಪಕ್ಕದ ಹೊಲದ ಕಾಕಾನ ಶೆಡ್ ಇದೆ. ಅವ್ವನ ಡೈರಿ ತೋರಿಸಿ ಮಾತಾಡಿದ ಮೇಲೆ ಹೊಗೆ ಕೊಡುವ ದಿನ ಮೊದಲೇ ಫೋನ್ ಮಾಡ್ತಾರೆ, ಅವತ್ತು ಆ ಕಡೆಯ ಕಿಟಕಿ ಮುಚ್ಚಿರುತ್ತೆ, ಅವ್ವ ಅಕ್ಕನ ಮನೆಯಲ್ಲಿರ್ತಾಳೆ. ಗಂಧಕ ಕೊಟ್ಟ ಒಣದ್ರಾಕ್ಷಿ ತಿಂದರೂ ಕೆಲವು ಅಸ್ತಮಾ ರೋಗಿಗಳಿಗೆ ಉಬ್ಬಸ ಬರುತ್ತೆ, ಡೈರಿಯಲ್ಲಿ ಅದನ್ನೂ ಗುರುತಿಸಿ.

ರಾಶಿ ಮತ್ತು ರವದಿ: ತೊಗರಿ, ಜೋಳದ ರಾಶಿಯ ಹೊಟ್ಟು, ಕಣಿಕಿ ಬಣವಿಯ ಬೂಸರು. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ಬಂದ ಕಡೆ ಕಬ್ಬು ಬಂತು, ಕಬ್ಬಿನ ಹಿಂದೆ ರವದಿ ಸುಡುವ ಹೊಗೆಯೂ ಬಂತು. ರವದಿ ಹೊಲದಲ್ಲೇ ಮುಚ್ಚಿಗೆ ಮಾಡಿದರೆ ಮಣ್ಣಿಗೂ ಲಾಭ, ಎದೆಗೂ ಲಾಭ.

ಸಾವಯವ ಪುಡಿಗಳು: ನಮ್ಮವರು ಇದನ್ನು ಗಮನಿಸೋದೇ ಇಲ್ಲ. ಟ್ರೈಕೋಡರ್ಮಾ, ಬ್ಯುವೇರಿಯಾ, ಮೆಟಾರೈಜಿಯಂ ಅಂದರೆ ಶಿಲೀಂಧ್ರದ ಬೀಜಕಣದ ಪುಡಿ. ಬೆಳೆಗೆ ಸುರಕ್ಷಿತ, ಆದರೆ ಬರಿಮೂಗಲ್ಲಿ ಎಳೆದರೆ ಅಲರ್ಜಿ ಆಗಬಹುದು. ಕಾಂಪೋಸ್ಟ್ ತಿರುವುವಾಗ ಏಳುವ ಬಿಳಿ ಧೂಳೂ ಹಾಗೇ. ಎನ್95 ಮಾಸ್ಕ್ ಹಾಕಿ, ಗುಂಡಿಗೆ ನೀರು ಚಿಮುಕಿಸಿ ತಿರುವಿ, ಪ್ಯಾಕೆಟ್ಟನ್ನು ಮಲಗುವ ಮನೆಯಲ್ಲಿ ಬಿಚ್ಚಬೇಡಿ.

ಕಾಂಗ್ರೆಸ್ ಗಿಡ: ಪಾರ್ಥೇನಿಯಂ ನಮ್ಮ ದೇಶದಲ್ಲಿ ಮೊದಲು ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಅದರ ಪರಾಗ ಮೂಗು, ಕಣ್ಣು, ಚರ್ಮ, ಎದೆ ಎಲ್ಲಕ್ಕೂ ತೊಂದರೆ. ಇದನ್ನು ತಿನ್ನುವ ಮೆಕ್ಸಿಕನ್ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು, ಮಳೆಗಾಲದಲ್ಲಿ ಈಗಲೂ ಕೆಲಸ ಮಾಡುತ್ತೆ. ಮನೆ ಸುತ್ತ ಮಾತ್ರ ಹೂ ಬಿಡುವ ಮುನ್ನವೇ ಕೈಗವಸು ಹಾಕಿ ಬೇರುಸಹಿತ ಕೀಳಿ.

ಕಾಳಿನ ಗುಳಿಗೆ: ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಜನ ಮಲಗುವ ಮನೆಯಲ್ಲಿ ಯಾವ ಕಾರಣಕ್ಕೂ ಇಡಬೇಡಿ. ಅದರಿಂದ ಬರುವ ಫಾಸ್ಫೀನ್ ಅನಿಲ ಇಡೀ ಕುಟುಂಬವನ್ನೇ ತೆಗೆಯಬಲ್ಲದು, ಅದಕ್ಕೆ ಪ್ರತಿವಿಷ ಇಲ್ಲ. ಕಾಳನ್ನು ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲ ಅಥವಾ ಡ್ರಮ್ಮಿನಲ್ಲಿ ಬೇವಿನೆಲೆ ಹಾಕಿ ಇಡಿ.

ಬಟ್ಟೆ: ಸಿಂಪಡಣೆ, ರಾಶಿ ಮುಗಿಸಿ ಬಂದವರು ಅದೇ ಬಟ್ಟೆಯಲ್ಲಿ ಮಗುವನ್ನು ಎತ್ತಿಕೊಳ್ಳಬೇಡಿ. ಬಚ್ಚಲಿಗೆ ಹೋಗಿ ಮೈ ತೊಳೆದು ಆಮೇಲೆ ಒಳಗೆ ಬನ್ನಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಪಟ್ಟಿ ನೋಡಿ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾವುದರಿಂದ ಲಾಭ ಆಯ್ತು ಅಂತ ಗೊತ್ತಾಗಲ್ಲ. ಹೊಲದಲ್ಲಿ ಟ್ರಯಲ್ ಪ್ಲಾಟ್ ಮಾಡೋ ಹಾಗೆ, ಒಂದು ಬದಲಿಸಿ ಎರಡು ವಾರ ಡೈರಿ ನೋಡಿ. ಫಾಸ್ಫೈಡ್ ಗುಳಿಗೆ, ಕಾಯಿಲ್‌ನಂಥ ಅಪಾಯದವು ಮಾತ್ರ ತಕ್ಷಣ ಹೊರಗೆ. ನುಸಿಯ ವಿಷಯದಲ್ಲಿ ತಾಳ್ಮೆ ಬೇಕು, ಗಾದಿಯ ಪರಿಣಾಮ ಕಾಣಲು ಕೆಲವು ತಿಂಗಳೇ ಹಿಡಿಯಬಹುದು.

ಅಕ್ಕನ ಮನೆಯಲ್ಲಿ ಕಾಯಿಲ್ ನಿಂತ ಮೇಲೆ ರಾತ್ರಿಯ ಎಚ್ಚರ ಕಡಿಮೆ ಆಯ್ತು. ಚೀಲ ಸರಿಸಿ, ಕೂಲರ್ ಪಂಪ್ ನಡುರಾತ್ರಿ ನಿಲ್ಲಿಸಿದ ಮೇಲೆ ಬೆಳಗಿನ ಅಂಕಿ ಏರಿತು. ವೈದ್ಯರು ಕೊಟ್ಟ ಇನ್‌ಹೇಲರ್ ನಿಲ್ಲಿಸಿಲ್ಲ. ಡೈರಿ ನೋಡಿ ಪ್ರಮಾಣ ನಿರ್ಧಾರ ಮಾಡಿದ್ದೂ ವೈದ್ಯರೇ. ಕಳೆದ ಎರಡು ತಿಂಗಳಲ್ಲಿ ಅವನು ಶಾಲೆ ತಪ್ಪಿಸಿದ್ದು ಎರಡು ದಿನ. ತೋಟದ ಮನೆಗೆ ಕಳಿಸುವ ಮಾತು ನಿಂತಿದೆ, ಯಾಕೆಂದರೆ ಫೆಬ್ರುವರಿಯಲ್ಲಿ ಗಂಧಕ, ಒಲೆ, ರಾಶಿ ಮೂರೂ ಇರುವ ಮನೆ ಅವನಿಗೆ ಇನ್ನೂ ಕಷ್ಟ ಆಗುತ್ತಿತ್ತು. ಅವ್ವನ ಕೆಮ್ಮು ಪೂರ್ತಿ ಹೋಗಿಲ್ಲ. 36 ವರ್ಷದ ಹೊಗೆ ಮೂರು ತಿಂಗಳಲ್ಲಿ ಹೋಗೋದೂ ಇಲ್ಲ. ಸ್ಪೈರೋಮೆಟ್ರಿ ಮಾಡಿಸಿ ಔಷಧಿ ಶುರುವಾಗಿದೆ.

ಆಸ್ಪತ್ರೆಯಲ್ಲಿ ಏನು ಕೇಳಬೇಕು?

ಡೈರಿ ತಗೊಂಡು ಶ್ವಾಸಕೋಶ ತಜ್ಞರ ಹತ್ತಿರ ಹೋಗಿ. ಶ್ವಾಸದ ಸಾಮರ್ಥ್ಯಕ್ಕೆ ಸ್ಪೈರೋಮೆಟ್ರಿ, ಅಲರ್ಜಿಗೆ ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆ ಅಥವಾ ರಕ್ತದ ಐಜಿಇ ಪರೀಕ್ಷೆ. ಚರ್ಮದ ಪರೀಕ್ಷೆಗೆ ಮುನ್ನ ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ನಿಲ್ಲಿಸಬೇಕಾಗುತ್ತೆ, ಮೊದಲೇ ಕೇಳಿ. ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಅದೇ ಕಾರಣ ಅಂತಲ್ಲ, ಡೈರಿಗೂ ಅದಕ್ಕೂ ತಾಳೆ ಆಗಬೇಕು. ನೂರಾರು ಆಹಾರದ ಪಟ್ಟಿ ಕೊಡುವ ಐಜಿಜಿ ಪ್ಯಾಕೇಜ್‌ಗೆ ದುಡ್ಡು ಹಾಕಬೇಡಿ, ಅಲರ್ಜಿ ತಜ್ಞರ ಸಂಘಗಳು ಅದನ್ನು ಒಪ್ಪಲ್ಲ.

ಇನ್‌ಹೇಲರ್ ಚಟ ಆಗುತ್ತೆ ಅನ್ನೋದು ಸುಳ್ಳು. ಔಷಧಿ ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಮಾತ್ರೆ, ಸಿರಪ್‌ಗಿಂತ ಬಹಳ ಕಡಿಮೆ ಪ್ರಮಾಣ ಸಾಕಾಗುತ್ತೆ. ಮಕ್ಕಳಿಗೆ ಸ್ಪೇಸರ್ ಜೊತೆ ಕೊಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ, ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ, ಖರ್ಚು ಇಳಿಯುತ್ತೆ.

ಉಸಿರಿಗೆ ಪಕ್ಕೆಲುಬಿನ ನಡುವೆ ಗುಳಿ ಬೀಳ್ತಿದ್ದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ, ತುಟಿ ನೀಲಿಯಾದರೆ, ತುರ್ತು ಇನ್‌ಹೇಲರ್ ತಗೊಂಡರೂ ಕಡಿಮೆ ಆಗದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ತೋಟದ ಮನೆಯಲ್ಲಿದ್ದವರು ಆಂಬ್ಯುಲೆನ್ಸ್‌ಗೆ ದಾರಿ ಹೇಳಲು ಮನೆಯ ಲೊಕೇಶನ್ ಮೊದಲೇ ಫೋನಿನಲ್ಲಿ ಸೇವ್ ಮಾಡಿಡಿ.

ಈ ವಾರದ ಕೆಲಸ

ಸೋಮವಾರ: ಡೈರಿ ಶುರು, ಪೀಕ್ ಫ್ಲೋ ಮೀಟರ್ ತರಿಸಿ.
ಮಂಗಳವಾರ: ಅವ್ವನ ಹೊಗೆ ಲೆಕ್ಕ ಹಾಕಿ, ಕಾಯಿಲ್ ಬದಲು ಪರದೆ ಕಟ್ಟಿ.
ಬುಧವಾರ: ಜಿರಳೆ ಹಾಳೆ ಇಡಿ, ಗೋಡೆಗೆ ಪಾಲಿಥೀನ್ ಹಚ್ಚಿ.
ಗುರುವಾರ: ಹೈಗ್ರೋಮೀಟರ್ ಉಪ್ಪಿನ ಪರೀಕ್ಷೆ, ಗೋಡೆಯ ಹಾಳೆ ನೋಡಿ.
ಶುಕ್ರವಾರ: ಮಂಚದ ಕೆಳಗೆ ಏನಿದೆ ನೋಡಿ, ಕಾಳಿನ ಚೀಲ ಹೊರಗೆ.
ಶನಿವಾರ: ಜಿರಳೆ ಎಣಿಸಿ, ಮನೆ ಸುತ್ತ ನೂರು ಹೆಜ್ಜೆ ಸುತ್ತು.
ರವಿವಾರ: ಗಾದಿ, ಕೌದಿ ಬಿಸಿಲಿಗೆ.

ಒಟ್ಟು ಖರ್ಚು ಒಂದು ಸಿಂಪಡಣೆಯ ಔಷಧಿಗಿಂತ ಕಡಿಮೆ. ಮುಂದಿನ ವಾರ ಗಂಧಕದ ಹೊಗೆ ಇಲ್ಲದೆ ಒಣದ್ರಾಕ್ಷಿ ಮಾಡುವ ಕ್ರಮ, ಕಂದು ಮಣೂಕಕ್ಕೆ ಮಾರುಕಟ್ಟೆ ಹುಡುಕುವ ಬಗ್ಗೆ ಬರೀತೀನಿ.